ಕೊನೇ ಮನೆಗೂ ಒಂದು ದಾರಿ: ನಾರ್ವೆಯ ರೈಲು, ಸುರಂಗ, ದೋಣಿ, ತಂತಿ

ಸೋಮವಾರ, ಓಸ್ಲೊ

ಗಾರ್ಡರ್‌ಮೊಯೆನ್ ವಿಮಾನ ನಿಲ್ದಾಣದಿಂದ ಓಸ್ಲೊ ನಗರಕ್ಕೆ ರೈಲಿನಲ್ಲಿ ಇಪ್ಪತ್ತು ನಿಮಿಷ. ಗಂಟೆಗೆ 210 ಕಿ.ಮೀ. ವೇಗ. ನಾರ್ವೆಯಲ್ಲಿ ರೈಲೆಲ್ಲ ಹೀಗೇ ಓಡುತ್ತೆ ಅಂದುಕೊಂಡರೆ ಮುಂದೆ ನಿರಾಸೆಯಾಗುತ್ತದೆ. ಈ ವೇಗ ಸಿಗುವುದು ಓಸ್ಲೊ ಸುತ್ತಮುತ್ತ ಮಾತ್ರ. ನಾರ್ವೆಯ ಸುಮಾರು 4,200 ಕಿ.ಮೀ. ರೈಲು ದಾರಿಯಲ್ಲಿ ಬಹುಪಾಲು ಇವತ್ತಿಗೂ ಒಂಟಿ ಹಳಿ.

ದಾರಿಯಲ್ಲಿ ಲಿಲ್ಲೆಸ್ಟ್ರೊಮ್ ಅನ್ನುವ ಊರು ಬರುತ್ತದೆ. ಅದರ ಪಕ್ಕದಲ್ಲೇ ಶೆಲ್ಲರ್. ಕಿಟಕಿಯಿಂದ ನೋಡಲು ಅಲ್ಲಿ ಏನೂ ಇಲ್ಲ. ಆದರೆ ನನಗೆ ಮಾತ್ರ ಕುತ್ತಿಗೆ ಉದ್ದ ಮಾಡಿ ನೋಡುವ ಆಸೆ. ಯಾಕೆಂದರೆ ಇಂಟರ್ನೆಟ್‌ನ ಅಜ್ಜ ಅನ್ನಬಹುದಾದ ಅರ್ಪಾನೆಟ್ 1973ರಲ್ಲಿ ಅಮೆರಿಕ ಬಿಟ್ಟು ಯುರೋಪಿಗೆ ಬಂದಾಗ ಮೊದಲು ಕಾಲಿಟ್ಟ ಜಾಗ ಇದು. ಲಂಡನ್ ಆಮೇಲೆ. ಇಲ್ಲಿನ ನಾರ್ಸಾರ್ ಸಂಸ್ಥೆ ನೆಲದ ಕಂಪನ ಅಳೆಯುತ್ತಿತ್ತು. ಸೋವಿಯತ್ ದೇಶ ಭೂಮಿಯೊಳಗೆ ಅಣುಬಾಂಬ್ ಸಿಡಿಸಿದರೆ ಗೊತ್ತಾಗಬೇಕಲ್ಲ, ಅದಕ್ಕೆ. ಆ ಮಾಹಿತಿ ಅಮೆರಿಕಕ್ಕೆ ಬೇಗ ಹೋಗಬೇಕಿತ್ತು. ಹಾಗಾಗಿ ಲೈನ್ ಬಂತು. ನಾನು ಕೆಲಸ ಮಾಡಿದ್ದೆಲ್ಲ ಟೆಲಿಫೋನ್ ಇಲಾಖೆಯಲ್ಲಿ. ಇಂಥ ಜಾಗ ಕಂಡರೆ ಕೈ ಮುಗಿಯಬೇಕು ಅನಿಸುತ್ತದೆ. ಹೆಂಡತಿಗೆ ಹೇಳಿದೆ. ಅವಳು ಸೂಟ್‌ಕೇಸ್ ಎಣಿಸುತ್ತಿದ್ದಳು.

ಲಿಲ್ಲೆಸ್ಟ್ರೊಮ್ ದಾಟಿದ ಮೇಲೆ ರೈಲು 14.6 ಕಿ.ಮೀ. ಉದ್ದದ ರೊಮೆರಿಕೆ ಸುರಂಗಕ್ಕೆ ನುಗ್ಗುತ್ತದೆ. ಈ ಸುರಂಗದ ಕಥೆ ಮಗ ಹೇಳಿದ. ಅವನು ಇಲ್ಲೇ ಓಸ್ಲೊದಲ್ಲಿ ಕೆಲಸದಲ್ಲಿದ್ದಾನೆ. ಸುರಂಗ ಕೊರೆಯುವಾಗ ಮೇಲಿದ್ದ ಕಾಡಿನ ಕೆರೆಗಳ ನೀರು ಒಳಗೆ ಸೋರತೊಡಗಿತಂತೆ. ಪುಟ್‌ಯೆರ್ನ್ ಅನ್ನುವ ಪುಟ್ಟ ಕೆರೆಯ ನೀರು ಇಳಿದೇ ಹೋಯಿತು. ಸೋರಿಕೆ ಮುಚ್ಚಲು ಹಾಕಿದ ರಾಸಾಯನಿಕವೂ ವಿಷದ್ದು ಅಂತ ಗೊತ್ತಾಗಿ ದೊಡ್ಡ ಗಲಾಟೆ. ವಿಮಾನ ನಿಲ್ದಾಣ 1998ರ ಅಕ್ಟೋಬರ್‌ನಲ್ಲಿ ಶುರುವಾದರೂ ಸುರಂಗ ಬಳಕೆಗೆ ಸಿಕ್ಕಿದ್ದು 1999ರಲ್ಲಿ. ಯುರೋಪಿನಲ್ಲಿ ಎಲ್ಲವೂ ಹೇಳಿದ ದಿನಕ್ಕೆ ಮುಗಿಯುತ್ತದೆ ಅನ್ನುವವರಿಗೆ ಈ ಕಥೆ ಹೇಳಬೇಕು.

ಸಂಜೆ ಓಸ್ಲೊ ಸುತ್ತಾಡಿದೆವು. ಬೀದಿಯಲ್ಲಿ ಸದ್ದೇ ಇಲ್ಲ. ಬಸ್ಸು ಎಲೆಕ್ಟ್ರಿಕ್, ಕಾರು ಎಲೆಕ್ಟ್ರಿಕ್, ಎದುರಿನ ನೆಸೋಡನ್‌ಗೆ ಹೋಗುವ ದೋಣಿಯೂ ಎಲೆಕ್ಟ್ರಿಕ್. 2024ರಲ್ಲಿ ಈ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ 100ಕ್ಕೆ 89 ಬ್ಯಾಟರಿಯವು. ಇದು ಬರೀ ಪರಿಸರ ಪ್ರೀತಿಯಿಂದ ಆಗಿದ್ದಲ್ಲ. ಪೆಟ್ರೋಲ್ ಕಾರಿಗೆ ಸಿಕ್ಕಾಪಟ್ಟೆ ತೆರಿಗೆ ಹಾಕಿದರು, ಎಲೆಕ್ಟ್ರಿಕ್‌ಗೆ ವರ್ಷಗಟ್ಟಲೆ ಬಿಟ್ಟುಬಿಟ್ಟರು. ಟೋಲ್‌ನಲ್ಲೂ ರಿಯಾಯಿತಿ ಕೊಟ್ಟರು. ಜನ ಲೆಕ್ಕ ಹಾಕಿದರು, ಅಷ್ಟೇ. ತಮಾಷೆ ಏನು ಗೊತ್ತಾ? ಈ ರಿಯಾಯಿತಿಗೆಲ್ಲ ಜೇಬು ಗಟ್ಟಿ ಇರುವುದು ಸಮುದ್ರದಿಂದ ಎಣ್ಣೆ ತೆಗೆದು ಬೇರೆ ದೇಶಗಳಿಗೆ ಮಾರಿದ ಹಣದಿಂದ. ನಾರ್ವೆಯವರೇ ಈ ಮಾತು ಹೇಳಿ ನಗುತ್ತಾರೆ.

ಮಂಗಳವಾರ, ಓಸ್ಲೊದಿಂದ ಫ್ಲೋಮ್

ಬರ್ಗೆನ್ ರೈಲು. ಪೂರ್ತಿ ಹೋದರೆ ಏಳು ಗಂಟೆ ಆಸುಪಾಸು. ನಾವು ನಡುವೆ ಮಿರ್ಡಾಲ್‌ನಲ್ಲಿ ಇಳಿಯುವವರು. ಮಗ ಕಾರಿನಲ್ಲಿ ಬೇರೆ ದಾರಿ ಹಿಡಿದು ಫ್ಲೋಮ್‌ಗೆ ಬರುವುದು ಅಂತ ಮಾತು.

ಮೊದಲ ಎರಡು ಗಂಟೆ ಕಾಡು, ನದಿ, ಕೆಂಪು ಬಣ್ಣದ ಮರದ ಮನೆಗಳು. ಚೆನ್ನಾಗಿದೆ, ಆದರೆ ಕ್ಯಾಮೆರಾ ಅಲ್ಲೇ ಖಾಲಿ ಮಾಡಬೇಡಿ. ಯಾಲೋ ದಾಟಿದ ಮೇಲೆ ಮರಗಳು ಕುಳ್ಳಗಾಗುತ್ತವೆ, ಆಮೇಲೆ ಮರವೇ ಇಲ್ಲ. ಫಿನ್ಸೆ ಬಂದಾಗ ಜೂನ್ ತಿಂಗಳಲ್ಲೂ ಪ್ಲಾಟ್‌ಫಾರ್ಮ್ ಪಕ್ಕ ಹಿಮ. 1,222 ಮೀಟರ್ ಎತ್ತರದ ಈ ನಿಲ್ದಾಣಕ್ಕೆ ಬರಲು ಕಾರಿನ ರಸ್ತೆಯೇ ಇಲ್ಲ. ರೈಲಿನಲ್ಲಿ ಬರಬೇಕು, ಇಲ್ಲವೇ ನಡೆದು, ಸೈಕಲ್ ತುಳಿದು, ಸ್ಕೀ ಮಾಡಿಕೊಂಡು.

ಓಸ್ಲೊ ಮತ್ತು ಬರ್ಗೆನ್ ದೇಶದ ಎರಡು ದೊಡ್ಡ ಊರುಗಳು. ಆದರೂ ನೂರಿಪ್ಪತ್ತು ವರ್ಷದ ಹಿಂದೆ ಇವೆರಡರ ನಡುವೆ ನೆಟ್ಟಗೆ ಒಂದು ದಾರಿ ಇರಲಿಲ್ಲ. ಬರ್ಗೆನ್‌ನವರು ರಾಜಧಾನಿಗೆ ಹೋಗಲು ಹಡಗು ಹತ್ತಿ ದೇಶದ ದಕ್ಷಿಣದ ತುದಿ ಸುತ್ತಬೇಕಿತ್ತು. ನಡುವಿನ ಬೆಟ್ಟದ ಮೇಲೆ ರೈಲು ಹಾಕಲು 1894ರಲ್ಲಿ ಸಂಸತ್ತು ಒಪ್ಪಿತು. ಗ್ರಾವಹಾಲ್ಸ್ ಅನ್ನುವ ಒಂದು ಸುರಂಗವೇ 5.3 ಕಿ.ಮೀ. ಗಟ್ಟಿ ಬಂಡೆ. ಅದಕ್ಕೇ ವರ್ಷಗಟ್ಟಲೆ ಹಿಡಿಯಿತು. 1909ರ ನವೆಂಬರ್ 27ರಂದು ರಾಜ ಏಳನೇ ಹಾಕೊನ್ ಉದ್ಘಾಟನೆ ಮಾಡಿದರು. ಆಗ ನಾರ್ವೆ ಸ್ವೀಡನ್‌ನಿಂದ ಬೇರೆಯಾಗಿ ನಾಲ್ಕೇ ವರ್ಷ. ಬಡ ದೇಶ. ಎಣ್ಣೆ ಸಿಕ್ಕಿದ್ದು ಅರವತ್ತು ವರ್ಷ ಆದಮೇಲೆ. ಇದನ್ನು ನೆನಪಿಡಿ, ಯಾಕೆಂದರೆ ನಾರ್ವೆ ನೋಡಿ ಬಂದವರೆಲ್ಲ "ಅವರಿಗೇನು, ಎಣ್ಣೆ ದುಡ್ಡು" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ.

ಹಳಿ ಹಾಕುವುದಕ್ಕಿಂತ ಹಳಿ ತೆರೆದಿಡುವುದು ಕಷ್ಟವಂತೆ. ಗಾಳಿಗೆ ಹಿಮ ಹಾರಿ ಬಂದು ಗುಡ್ಡೆ ಬೀಳುತ್ತದೆ. ಅದಕ್ಕೆ ಹಳಿಯ ಮೇಲೆ ಮರದ ಮಾಡು ಕಟ್ಟಿದ್ದಾರೆ, ಪಕ್ಕದಲ್ಲಿ ಉದ್ದಕ್ಕೂ ಬೇಲಿ. ಒಳ್ಳೇ ನೋಟ ಬಂತು ಅಂತ ಫೋನ್ ಎತ್ತುವಷ್ಟರಲ್ಲಿ ಮಾಡು ಬಂದು ಕತ್ತಲೆ. 1993ರಲ್ಲಿ 10 ಕಿ.ಮೀ.ಗೂ ಉದ್ದದ ಹೊಸ ಫಿನ್ಸೆ ಸುರಂಗ ಬಂದ ಮೇಲೆ ಅತಿ ಹಿಮದ ಜಾಗ ತಪ್ಪಿತು, ಅದರ ಜೊತೆ ಒಂದಿಷ್ಟು ನೋಟವೂ ತಪ್ಪಿತು.

ಮಿರ್ಡಾಲ್‌ನಲ್ಲಿ ಇಳಿದು ಎದುರಿನ ಹಸಿರು ರೈಲು ಹತ್ತಿದೆವು. ಫ್ಲೋಮ್ ರೈಲು. 866 ಮೀಟರ್ ಎತ್ತರದಿಂದ ಸಮುದ್ರದ ಮಟ್ಟಕ್ಕೆ 20 ಕಿ.ಮೀ.ಯಲ್ಲಿ ಇಳಿಯುತ್ತದೆ. ನಮ್ಮ ಸಕಲೇಶಪುರ, ಸುಬ್ರಹ್ಮಣ್ಯ ಘಾಟಿಯಲ್ಲಿ ಹೋದವರಿಗೆ ಒಂದು ಲೆಕ್ಕ ಹೇಳುತ್ತೇನೆ. ಅಲ್ಲಿ 50 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಜಾರು. ಇಲ್ಲಿ 18 ಮೀಟರಿಗೇ ಒಂದು ಮೀಟರ್. ಅದೂ ಹಲ್ಲಿನ ಹಳಿ ಇಲ್ಲ, ಹಗ್ಗ ಇಲ್ಲ, ಮಾಮೂಲಿ ಚಕ್ರ, ಮಾಮೂಲಿ ಹಳಿ. ಬ್ರೇಕ್‌ಗಳು ಮಾತ್ರ ಹಲವು. 20 ಸುರಂಗಗಳಲ್ಲಿ 18ನ್ನು ಕೈಯಿಂದಲೇ ಕೊರೆದದ್ದು. 1940ರಲ್ಲಿ ಶುರುವಾಯಿತು. ಕಟ್ಟಿದ್ದು ಪ್ರವಾಸಿಗರಿಗಾಗಿ ಅಲ್ಲ, ಫಿಯೋರ್ಡ್ (ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ಕವಲು) ದಂಡೆಯ ಊರಿನವರಿಗೆ ಬರ್ಗೆನ್ ರೈಲು ಸಿಗಲಿ ಅಂತ.

ನಡುವೆ ಶೋಸ್‌ಫೊಸೆನ್ ಜಲಪಾತದ ಹತ್ತಿರ ರೈಲು ನಿಲ್ಲಿಸುತ್ತಾರೆ. ಎಲ್ಲರೂ ಇಳಿಯುತ್ತಾರೆ. ಇದ್ದಕ್ಕಿದ್ದಂತೆ ಸಂಗೀತ ಶುರುವಾಗಿ ಬಂಡೆಯ ಮೇಲೆ ಕೆಂಪು ಬಟ್ಟೆಯ ಹೆಂಗಸೊಬ್ಬಳು ಕುಣಿಯುತ್ತಾಳೆ. ಕಾಡಿನ ಮೋಹಿನಿಯಂತೆ. ಅಷ್ಟು ದೊಡ್ಡ ಜಲಪಾತದ ಮುಂದೆ ಸ್ಪೀಕರ್ ಯಾಕೆ ಬೇಕಿತ್ತೋ ನನಗಂತೂ ತಿಳಿಯಲಿಲ್ಲ. ಅದೇ ನೀರಿನಿಂದ ಈ ರೈಲಿಗೆ ಕರೆಂಟ್ ಬರುತ್ತದೆ ಅನ್ನುವ ವಿಷಯ ನನಗೆ ಜಾಸ್ತಿ ಇಷ್ಟವಾಯಿತು.

ಬುಧವಾರ, ಫ್ಲೋಮ್‌ನಿಂದ ಬರ್ಗೆನ್, ಸುತ್ತು ದಾರಿಯಲ್ಲಿ

ನೆಟ್ಟಗೆ ಹೋದರೆ ಫ್ಲೋಮ್‌ನಿಂದ ಬರ್ಗೆನ್ ಎರಡೂವರೆ, ಮೂರು ಗಂಟೆ. ನಾವು ಬೇಕಂತಲೇ ಎದುರು ದಿಕ್ಕಿಗೆ ಹೊರಟೆವು. ನನಗೆ ಲ್ಯಾರ್ಡಾಲ್ ಸುರಂಗ ನೋಡಬೇಕಿತ್ತು. ಮಗ ಹಿಂದಿನ ದಿನವಷ್ಟೇ ಅದರೊಳಗಿಂದ ಬಂದಿದ್ದ. ಪಾಪ, ಇನ್ನೊಮ್ಮೆ ಓಡಿಸಿದ.

24.5 ಕಿ.ಮೀ. ರಸ್ತೆ ಸುರಂಗಗಳಲ್ಲಿ ಇಷ್ಟು ಉದ್ದದ್ದು ಪ್ರಪಂಚದಲ್ಲಿ ಬಳಕೆಯಲ್ಲಿ ಬೇರೆ ಇರಲಿಲ್ಲ. 1995ರಲ್ಲಿ ಕೊರೆಯಲು ಶುರು, 2000ದ ನವೆಂಬರ್‌ನಲ್ಲಿ ತೆರೆದರು. ಒಂದು ಕಡೆ ಔರ್‌ಲಾಂಡ್, ಇನ್ನೊಂದು ಕಡೆ ಲ್ಯಾರ್ಡಾಲ್. ಎರಡೂ ಎರಡೆರಡು ಸಾವಿರ ಜನರ ಆಸುಪಾಸಿನ ಊರುಗಳು. ಇವರಿಗಾಗಿ ಇಷ್ಟಾ ಅಂತ ಕೇಳಬಹುದು. ಅಲ್ಲ, ಓಸ್ಲೊ ಮತ್ತು ಬರ್ಗೆನ್ ನಡುವೆ ಚಳಿಗಾಲದಲ್ಲೂ ಮುಚ್ಚದ, ದೋಣಿ ಹತ್ತಬೇಕಿಲ್ಲದ ರಸ್ತೆ ಬೇಕಿತ್ತು. ಮೊದಲಿದ್ದ ಬೆಟ್ಟದ ರಸ್ತೆ ಹಿಮ ಬಿದ್ದರೆ ತಿಂಗಳುಗಟ್ಟಲೆ ಬಂದ್.

ಇಪ್ಪತ್ತು ನಿಮಿಷ ಕತ್ತಲೆಯಲ್ಲಿ ಒಂದೇ ಸಮ ಓಡಿಸಿದರೆ ಡ್ರೈವರ್‌ಗೆ ಮಂಪರು ಬರುತ್ತದೆ, ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ಅದಕ್ಕೆ ಮನಶ್ಶಾಸ್ತ್ರದವರನ್ನು ಕೇಳಿ ಸುರಂಗ ವಿನ್ಯಾಸ ಮಾಡಿದರು. ಸುಮಾರು ಆರು ಕಿ.ಮೀ.ಗೊಂದು ದೊಡ್ಡ ಗುಹೆ. ಅಂಥವು ಮೂರು. ಒಳಗೆ ನೀಲಿ ಬೆಳಕು, ನೆಲದ ಹತ್ತಿರ ಹಳದಿ ಬೆಳಕು, ಸೂರ್ಯ ಹುಟ್ಟುವ ಹೊತ್ತಿನ ಹಾಗೆ. ಓದುವಾಗ ನಾಟಕ ಅನಿಸಿತ್ತು. ಒಳಗೆ ಹೋದಾಗ ಹೆಂಡತಿ "ಅಬ್ಬಾ, ಹೊರಗೆ ಬಂದ್ವಿ" ಅಂದಳು. ಇನ್ನೂ ಹನ್ನೆರಡು ಕಿ.ಮೀ. ಬಾಕಿ ಇತ್ತು.

ನಾನು ನೋಡಿದ್ದು ಗೋಡೆಯನ್ನು. ಸ್ವಲ್ಪ ದೂರಕ್ಕೊಂದು ತುರ್ತು ಫೋನ್, ಬೆಂಕಿ ಆರಿಸುವ ಡಬ್ಬ. ಡಬ್ಬವನ್ನು ಕೊಕ್ಕೆಯಿಂದ ಎತ್ತಿದರೆ ಸಾಕು, ಯಾರೂ ಫೋನ್ ಮಾಡಬೇಕಿಲ್ಲ, ನಿಯಂತ್ರಣ ಕೊಠಡಿಗೆ ತಾನಾಗಿಯೇ ಗೊತ್ತಾಗುತ್ತದೆ. ಗಾಬರಿಯಾದ ಮನುಷ್ಯನಿಂದ ಏನನ್ನೂ ನಿರೀಕ್ಷೆ ಮಾಡಬಾರದು ಅನ್ನುವುದು ಒಳ್ಳೇ ಎಂಜಿನಿಯರಿಂಗ್‌ನ ಮೊದಲ ಪಾಠ. ನನ್ನ ಫೋನಿನ ಸಿಗ್ನಲ್ ಬೆಟ್ಟದ ಹೊಟ್ಟೆಯೊಳಗೂ ಒಂದು ಕಡ್ಡಿ ಇಳಿಯಲಿಲ್ಲ. ಟೋಲ್ ಎಷ್ಟು ಅಂತ ಕೇಳಿದೆ. ಇಲ್ಲವಂತೆ. ಪುಕ್ಕಟೆ.

ನಾರ್ವೆಯಲ್ಲಿ ಸಾವಿರದ ಇನ್ನೂರಕ್ಕೂ ಹೆಚ್ಚು ರಸ್ತೆ ಸುರಂಗಗಳಿವೆ. ಅದರಲ್ಲಿ ಹಲವು ಸಮುದ್ರದ ಕೆಳಗೆ. ದಕ್ಷಿಣದ ಸ್ಟವಾಂಗರ್ ಹತ್ತಿರದ ರಿಫಿಲ್ಕೆ ಸುರಂಗ ನೀರಿನ ಮಟ್ಟಕ್ಕಿಂತ 292 ಮೀಟರ್ ಕೆಳಗೆ ಹೋಗುತ್ತದೆ. ಅದರ ಪಕ್ಕದಲ್ಲೇ ರೋಗ್‌ಫಾಸ್ಟ್ ಅಂತ ಇನ್ನೊಂದನ್ನು ಕೊರೆಯುತ್ತಿದ್ದಾರೆ. 26.7 ಕಿ.ಮೀ. ಉದ್ದ, 392 ಮೀಟರ್ ಆಳ. ಸಮುದ್ರದ ತಳದಲ್ಲೇ ಕವಲು ದಾರಿ, ಒಂದು ದ್ವೀಪಕ್ಕೆ ಹೋಗಲು. ಆ ಕ್ವಿಟ್‌ಸೊಯ್ ದ್ವೀಪದಲ್ಲಿರುವುದು ಐನೂರು ಚಿಲ್ಲರೆ ಜನ.

ಇಲ್ಲಿ ನನ್ನ ಹಳೇ ಕೆಲಸ ನೆನಪಾಯಿತು. ಮಲೆನಾಡಿನಲ್ಲಿ ಲೈನ್ ಎಳೆಯುವಾಗ ಒಂದು ತೋಟಕ್ಕೊಂದು ಮನೆ, ಮನೆಗೂ ಮನೆಗೂ ನಡುವೆ ಗುಡ್ಡ. ಕೊನೇ ಮನೆಗೆ ಎಷ್ಟು ಕಂಬ ಬೇಕು ಅಂತ ಲೆಕ್ಕ ಹಾಕಿದರೆ ಆ ಮನೆಯ ಬಿಲ್ಲಿನಿಂದ ಮೊಮ್ಮಕ್ಕಳ ಕಾಲಕ್ಕೂ ಅಸಲು ಹುಟ್ಟುತ್ತಿರಲಿಲ್ಲ. ಆದರೂ ಎಳೆಯುತ್ತಿದ್ದೆವು, ಕೆಲವೊಮ್ಮೆ. ನಾರ್ವೆ ಅಂದರೆ ಇಡೀ ದೇಶವೇ ಅಂಥ ಕೊನೇ ಮನೆ. 55 ಲಕ್ಷ ಚಿಲ್ಲರೆ ಜನ, ಫಿಯೋರ್ಡ್‌ಗಳಿಂದ ಚಿಂದಿಯಾದ ಕರಾವಳಿ. ಅವರೂ ಲೆಕ್ಕ ಹಾಕುತ್ತಾರೆ, ಜಗಳವನ್ನೂ ಆಡುತ್ತಾರೆ. ಕೊನೆಗೆ ದಾರಿ ಮಾಡುತ್ತಾರೆ.

ಲ್ಯಾರ್ಡಾಲ್ ಆಚೆ ದೋಣಿ. ಸೋಂಡಾಲ್ ಊರು ದಾಟಿ ಹೆಲ್ಲಾದಲ್ಲಿ ಇನ್ನೊಂದು ದೋಣಿ. ಸಂಜೆ ಲಾವಿಕ್‌ನಲ್ಲಿ ಮತ್ತೊಂದು. ಕಾರು ಸೀದಾ ದೋಣಿಯೊಳಗೆ ಓಡಿಸುವುದು, ಮೇಲೆ ಹೋಗಿ ಕಾಫಿ ಕುಡಿಯುವುದು, ಇಳಿಯುವುದು. ದೋಣಿ ದುಡ್ಡು ಕಾರಿನ ನಂಬರ್ ಓದಿ ಆಮೇಲೆ ಬಿಲ್ಲಿನಲ್ಲಿ ಬರುತ್ತದೆ. ಯಾರೂ ಕೈ ಚಾಚುವುದಿಲ್ಲ. ಈ ಫಿಯೋರ್ಡ್ ಹೆಸರು ಸೊಗ್ನೆಫಿಯೋರ್ಡ್. ಸಮುದ್ರದಿಂದ 200 ಕಿ.ಮೀ.ಗೂ ಹೆಚ್ಚು ಒಳಗೆ ಬಂದಿದೆ, ಆಳ 1,300 ಮೀಟರ್. ಕಂಬ ನೆಟ್ಟು ಸೇತುವೆ ಕಟ್ಟುವ ಮಾತೇ ಇಲ್ಲ. ನೀರಿನ ನಡುವೆ ತೇಲುವ ಸುರಂಗ ತೂಗು ಹಾಕಿದರೆ ಹೇಗೆ ಅಂತ ಹೆದ್ದಾರಿ ಇಲಾಖೆಯವರು ಅಧ್ಯಯನವನ್ನೂ ಮಾಡಿದ್ದಾರೆ. ತಮಾಷೆ ಅಲ್ಲ.

ಲಾವಿಕ್, ಓಪ್ಪೆಡಾಲ್ ನಡುವೆ 2015ರಲ್ಲಿ 'ಆಂಪೇರ್' ಅನ್ನುವ ದೋಣಿ ಓಡತೊಡಗಿತು. ಕಾರು ಸಾಗಿಸುವ ದೋಣಿಗಳಲ್ಲಿ ಪೂರ್ತಿ ಬ್ಯಾಟರಿಯ ಮೇಲೆ ಓಡಿದ ಮೊದಲನೆಯದು. 120 ಕಾರು ಹಿಡಿಸುತ್ತದೆ, ದಾಟಲು ಇಪ್ಪತ್ತು ನಿಮಿಷ. ತೊಂದರೆ ಬಂದದ್ದು ದೋಣಿಯಲ್ಲಲ್ಲ, ದಡದಲ್ಲಿ. ಹತ್ತು ನಿಮಿಷದಲ್ಲಿ ಚಾರ್ಜ್ ಆಗಬೇಕು, ಆದರೆ ಚಿಕ್ಕ ಹಳ್ಳಿಯ ಕರೆಂಟ್ ಲೈನ್ ಅಷ್ಟನ್ನು ಒಮ್ಮೆಗೇ ಕೊಡಲಾರದು. ಅದಕ್ಕೆ ಎರಡೂ ದಡದಲ್ಲಿ ಒಂದೊಂದು ದೊಡ್ಡ ಬ್ಯಾಟರಿ ಇಟ್ಟರು. ಅದು ನಿಧಾನಕ್ಕೆ ತುಂಬಿಕೊಳ್ಳುತ್ತದೆ, ದೋಣಿ ಬಂದಾಗ ಗಬಕ್ಕನೆ ಕೊಡುತ್ತದೆ. ಇಷ್ಟು ಸರಳ ಉಪಾಯ ಕೇಳಿದರೆ ಖುಷಿಯಾಗುತ್ತದೆ, ಅಲ್ವಾ? ಈಗ ಇಂಥ ದೋಣಿಗಳು ಹತ್ತಾರು.

ಗುರುವಾರ, ಬರ್ಗೆನ್

ಮಳೆ. ಬರ್ಗೆನ್ ಅಂದರೆ ಮಳೆ ಅಂತ ಎಲ್ಲರೂ ಹೇಳಿದ್ದರು.

ಬೆಳಿಗ್ಗೆ ಟ್ರಾಮ್ ಹತ್ತಿ ಸುಮ್ನೆ ಒಂದು ಸುತ್ತು. ಟ್ರಾಮ್ ಶುರುವಾದದ್ದು 2010ರಲ್ಲಿ. ಇದರ ಎರಡನೇ ಲೈನ್ ಬೆಟ್ಟ ಕೊರೆದು ಫಿಲಿಂಗ್ಸ್‌ಡಾಲನ್‌ಗೆ ಹೋಗುತ್ತದೆ. ಟ್ರಾಮ್ ಸುರಂಗದಲ್ಲಿ ಅವಘಡವಾದರೆ ಜನ ಓಡಿ ಹೋಗಲು ಪಕ್ಕದಲ್ಲಿ ಇನ್ನೊಂದು ಸುರಂಗ ಬೇಕಿತ್ತು. ಹೇಗೂ ಕೊರೆಯಬೇಕಲ್ಲ, ಅದನ್ನೇ ಸೈಕಲ್‌ನವರಿಗೆ, ನಡೆಯುವವರಿಗೆ ಬಿಡೋಣ ಅಂದರು. 2023ರಲ್ಲಿ ತೆರೆದರು. ಸುಮಾರು ಮೂರು ಕಿ.ಮೀ. ಉದ್ದ. ಒಳಗೆ ಬಣ್ಣಬಣ್ಣದ ದೀಪ, ಹೊರಗೆ ಸುರಿಯುವ ಮಳೆ. ಓಡುವ ಅಭ್ಯಾಸದವರು ಮಳೆ ತಪ್ಪಿಸಿಕೊಂಡು ಇದರೊಳಗೇ ಓಡುತ್ತಿದ್ದರು.

1986ರಲ್ಲಿ ಊರಿನ ಸುತ್ತ ಟೋಲ್ ಉಂಗುರ ಹಾಕಿದ್ದು ಯುರೋಪಿನಲ್ಲಿ ಮೊದಲು ಬರ್ಗೆನ್. ಆಮೇಲೆ ಓಸ್ಲೊ, ತ್ರೊಂಡ್‌ಹೈಮ್. ಆ ದುಡ್ಡು ಮೊದಲು ರಸ್ತೆಗೆ ಹೋಗುತ್ತಿತ್ತು, ಈಗ ಟ್ರಾಮಿಗೂ ಹೋಗುತ್ತದೆ. ಕಾರಿನವರು ಬೈಯುತ್ತಾರೆ. ಟೋಲ್ ವಿರುದ್ಧವೇ ಒಂದು ಪಕ್ಷ ಕಟ್ಟಿ 2019ರ ನಗರ ಚುನಾವಣೆಯಲ್ಲಿ ನಿಂತು ಗೆದ್ದವರೂ ಇಲ್ಲಿದ್ದಾರೆ.

ಮಗ ಇಲ್ಲಿಂದ ವಾಪಸ್. ರಾತ್ರಿ ನಾವಿಬ್ಬರೂ ಕರಾವಳಿ ಹಡಗು ಹತ್ತಿದೆವು.

ಶುಕ್ರವಾರದಿಂದ ಭಾನುವಾರ, ಹಡಗಿನಲ್ಲಿ

ಹುರ್ಟಿಗ್ರೂಟೆನ್ ಅಂತ ಈ ಹಡಗು ದಾರಿಯ ಹೆಸರು. ಬರ್ಗೆನ್‌ನಿಂದ ರಷ್ಯಾ ಗಡಿಯ ಹತ್ತಿರದ ಶಿರ್ಕೆನೆಸ್‌ವರೆಗೆ 34 ಬಂದರು. ವರ್ಷವಿಡೀ ದಿನಕ್ಕೊಂದು ಹಡಗು ಅನ್ನುವುದು ಲೆಕ್ಕ. ಈಗ ಎರಡು ಕಂಪನಿಗಳು ಸರ್ಕಾರದ ಒಪ್ಪಂದದ ಮೇಲೆ ಹಂಚಿಕೊಂಡು ಓಡಿಸುತ್ತವೆ. ಬಂದರುಗಳಿಗೆ ಜನರನ್ನೂ ಸಾಮಾನನ್ನೂ ಒಯ್ಯಲು ಸರ್ಕಾರ ದುಡ್ಡು ಕೊಡುತ್ತದೆ.

ಇದು ಶುರುವಾದದ್ದು ಅಂಚೆಗಾಗಿ. 1890ರ ಸುಮಾರಿಗೆ ತ್ರೊಂಡ್‌ಹೈಮ್‌ನಿಂದ ಉತ್ತರದ ಹಾಮರ್‌ಫೆಸ್ಟ್‌ಗೆ ಒಂದು ಕಾಗದ ಹೋಗಲು ಬೇಸಿಗೆಯಲ್ಲಿ ಮೂರು ವಾರ, ಚಳಿಗಾಲದಲ್ಲಿ ಐದು ತಿಂಗಳು ಬೇಕಿತ್ತು. ಮದುವೆಗೆ ಕರೆದರೆ ನಾಮಕರಣಕ್ಕೆ ಹೋಗಿ ಮುಟ್ಟುವ ಲೆಕ್ಕ. ಸರ್ಕಾರ ಕಂಪನಿಗಳನ್ನು ಕೇಳಿತು, ವಾರಕ್ಕೊಮ್ಮೆ ಹಡಗು ಬಿಡ್ತೀರಾ ಅಂತ. ಆಗ ನಕ್ಷೆಗಳು ನೆಟ್ಟಗಿರಲಿಲ್ಲ, ದೀಪಸ್ತಂಭಗಳು ಕೆಲವೇ. ಚಳಿಗಾಲದ ಆ ಕತ್ತಲೆಯಲ್ಲಿ ಬಂಡೆಗಳ ನಡುವೆ ಆಗದ ಕೆಲಸ ಅಂದವರೇ ಎಲ್ಲ. ಒಪ್ಪಿಕೊಂಡವರು ರಿಚರ್ಡ್ ವಿತ್ ಅನ್ನುವ ಕ್ಯಾಪ್ಟನ್. ಅವರು ಅದಾಗಲೇ ವರ್ಷಗಟ್ಟಲೆ ದಿಕ್ಸೂಚಿ, ಗಡಿಯಾರ, ಹಡಗಿನ ವೇಗ ಇಷ್ಟನ್ನು ಬರೆದಿಟ್ಟುಕೊಂಡಿದ್ದರು. ಇಂಥ ದಿಕ್ಕಿನಲ್ಲಿ ಇಷ್ಟು ನಿಮಿಷ, ಆಮೇಲೆ ತಿರುಗು. ಕಣ್ಣು ಕಟ್ಟಿದರೂ ಓಡಿಸಬಹುದು. 1893ರ ಜುಲೈ 2ರಂದು 'ವೆಸ್ಟೆರೋಲನ್' ಹಡಗು ತ್ರೊಂಡ್‌ಹೈಮ್ ಬಿಟ್ಟಿತು. ಮೂರು ದಿನದೊಳಗೆ ಹಾಮರ್‌ಫೆಸ್ಟ್. ಐದು ತಿಂಗಳ ದಾರಿ ಮೂರು ದಿನಕ್ಕೆ ಇಳಿದದ್ದು ಇಂಟರ್ನೆಟ್ ಬಂದದ್ದಕ್ಕಿಂತ ದೊಡ್ಡ ಬದಲಾವಣೆ ಅಂತ ನನ್ನ ಅನಿಸಿಕೆ.

ಈಗ ಕಾಗದ ಹಡಗಿನಲ್ಲಿ ಹೋಗುವುದಿಲ್ಲ. ಕಾಗದವೇ ಕಡಿಮೆ. 2020ರಲ್ಲಿ ನಾರ್ವೆಯಲ್ಲಿ ಅಂಚೆಯವನು ಮನೆಗೆ ಬರುವುದು ದಿನ ಬಿಟ್ಟು ದಿನಕ್ಕೆ ಇಳಿಯಿತು. ಬಹಳಷ್ಟು ಊರುಗಳಲ್ಲಿ ಅಂಚೆ ಕಚೇರಿಯೂ ಇಲ್ಲ. ಕಿರಾಣಿ ಅಂಗಡಿಯ ಮೂಲೆಯಲ್ಲಿ ಒಂದು ಕೌಂಟರ್, ಹಾಲು ಬ್ರೆಡ್ಡಿನ ಜೊತೆ ಪಾರ್ಸೆಲ್.

ಹಡಗಿನಲ್ಲಿ ಮುಕ್ಕಾಲು ಪಾಲು ಪ್ರವಾಸಿಗರು, ಜರ್ಮನರು ಜಾಸ್ತಿ. ಶುಕ್ರವಾರ ಓಲೆಸುಂಡ್, ಶನಿವಾರ ತ್ರೊಂಡ್‌ಹೈಮ್. ಊರು ಚೆನ್ನಾಗಿವೆ, ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ನನಗೆ ಇಷ್ಟವಾದದ್ದು ಭಾನುವಾರ ಬೆಳಿಗ್ಗೆ ನೆಸ್ನಾ, ಓರ್ನೆಸ್ ಥರದ ಪುಟ್ಟ ಬಂದರುಗಳು. ಹಡಗು ಕಾಲು ಗಂಟೆಯೂ ನಿಲ್ಲುವುದಿಲ್ಲ. ಪಕ್ಕದ ಬಾಗಿಲು ತೆರೆಯುತ್ತದೆ, ಫೋರ್ಕ್‌ಲಿಫ್ಟ್ ಸರ್ರನೆ ಬಂದು ಸಾಮಾನು ಇಳಿಸುತ್ತದೆ, ಬ್ಯಾಗ್ ಹಿಡಿದ ಹುಡುಗಿಯೊಬ್ಬಳು ಹತ್ತುತ್ತಾಳೆ, ಹಗ್ಗ ಬಿಚ್ಚುತ್ತಾರೆ. ಮೇಲಿನ ಡೆಕ್ಕಿನಲ್ಲಿ ನೂರು ಕ್ಯಾಮೆರಾ. ಕೆಳಗೆ ಅವರ ಪಾಡಿಗೆ ಅವರು. ಆ ಎರಡು ನಿಲ್ದಾಣಗಳ ನಡುವೆಯೇ ಹಡಗು ಆರ್ಕ್‌ಟಿಕ್ ವೃತ್ತ (ನಕ್ಷೆಯಲ್ಲಿ ಉತ್ತರ ಧ್ರುವದ ಸುತ್ತ ಎಳೆದ ಗೆರೆ) ದಾಟುತ್ತದೆ. ಒಂದು ಪುಟ್ಟ ದ್ವೀಪದ ಮೇಲೆ ಲೋಹದ ಗೋಳ ಇಟ್ಟಿದ್ದಾರೆ. ಹಡಗಿನವರು ಆಮೇಲೆ ಬೆನ್ನಿಗೆ ಐಸ್ ಸುರಿಯುವ ಆಚಾರ ಮಾಡಿದರು. ನಾವು ದೂರ ನಿಂತೆವು.

ಸೋಮವಾರ, ಸೊರ್ವೊಗೆನ್

ಹಿಂದಿನ ಸಂಜೆ ಲೊಫೊಟೆನ್ ದ್ವೀಪಗಳ ಸ್ಟಾಮ್‌ಸುಂಡ್‌ನಲ್ಲಿ ಇಳಿದೆವು. ರಾತ್ರಿ ಹನ್ನೆರಡಕ್ಕೂ ಬಿಸಿಲು. ಬೆಳಿಗ್ಗೆ ಬಸ್ಸು ಹಿಡಿದು ದ್ವೀಪಗಳ ತುದಿಯ ಕಡೆ. ಸೇತುವೆ, ಸುರಂಗ, ಸೇತುವೆ. 2007ರಿಂದ ಲೊಫೊಟೆನ್‌ಗೆ ಮುಖ್ಯ ನೆಲದಿಂದ ದೋಣಿ ಇಲ್ಲದೆ ರಸ್ತೆಯಲ್ಲೇ ಬರಬಹುದು. ರಸ್ತೆ ಕಿರಿದು, ಕ್ಯಾಂಪರ್ ವ್ಯಾನ್‌ಗಳ ಜಾತ್ರೆ.

ಜನ ಇಲ್ಲಿ ಬೆಟ್ಟ ನೋಡಲು ಬರುತ್ತಾರೆ. ನಾನು ಬಂದದ್ದು ಸೊರ್ವೊಗೆನ್ ಅನ್ನುವ ಮೀನುಗಾರರ ಊರಿನ ಟೆಲಿಗ್ರಾಫ್ ಕಟ್ಟಡ ನೋಡಲು. ಈಗ ಅದು ಮ್ಯೂಸಿಯಂ. ಚಿಕ್ಕದು. ಹೆಂಡತಿ ಹತ್ತು ನಿಮಿಷದಲ್ಲಿ ಮುಗಿಸಿ ಹೊರಗೆ ಬಿಸಿಲಿಗೆ ಕೂತಳು. ನಾನು ಮಧ್ಯಾಹ್ನದವರೆಗೆ ಅಲ್ಲೇ.

1861ರಲ್ಲೇ ಲೊಫೊಟೆನ್‌ನ ಮೀನುಗಾರರ ಹಳ್ಳಿಗಳ ನಡುವೆ 170 ಕಿ.ಮೀ. ತಂತಿ ಎಳೆದರು. ಸ್ವಲ್ಪ ನೆಲದ ಮೇಲೆ, ಸ್ವಲ್ಪ ಸಮುದ್ರದಡಿ. ನಾರ್ವೆಯ ಮೊದಲ ಟೆಲಿಗ್ರಾಫ್ ಲೈನ್ ಬಂದು ಆರೇ ವರ್ಷ ಆಗಿತ್ತು. ರಾಜಧಾನಿಯಿಂದ ಅಷ್ಟು ದೂರ, ವರ್ಷದ ಮುಕ್ಕಾಲು ಪಾಲು ಖಾಲಿ ಹೊಡೆಯುವ ಹಳ್ಳಿಗಳಿಗೆ ಯಾಕೆ? ಕಾಡ್ ಮೀನಿಗಾಗಿ. ಜನವರಿಯಿಂದ ಏಪ್ರಿಲ್‌ವರೆಗೆ ಬಾರೆಂಟ್ಸ್ ಸಮುದ್ರದಿಂದ ಮೊಟ್ಟೆ ಇಡಲು ಕಾಡ್ ಮೀನು ಇಲ್ಲಿಗೆ ಬರುತ್ತದೆ. ಅದರ ಹಿಂದೆ ಸಾವಿರಾರು ದೋಣಿಗಳು. ಮೀನು ಯಾವ ಹಳ್ಳಿಯ ಎದುರಿಗೆ ಬಂತು, ಬೆಲೆ ಎಷ್ಟು, ಉಪ್ಪು ಎಲ್ಲಿ ಸಿಗುತ್ತೆ, ಬಿರುಗಾಳಿ ಬರುತ್ತಾ, ಇದು ಒಂದು ದಿನ ಮೊದಲು ಗೊತ್ತಾದವನು ಗೆದ್ದ. ಸೊರ್ವೊಗೆನ್‌ನ ಕಚೇರಿ ಮೊದಮೊದಲು ಮೀನಿನ ಕಾಲದಲ್ಲಿ ಮಾತ್ರ ತೆರೆಯುತ್ತಿತ್ತು. ಮೀನು ಹೋಯಿತು, ಟೆಲಿಗ್ರಾಫ್ ಬಾಗಿಲು ಹಾಕಿತು.

ಆಚೆ ರೊಸ್ಟ್ ದ್ವೀಪ ಬಾಕಿ ಇತ್ತು. ನಡುವೆ ಮೊಸ್ಕೆನ್ ಸೆಳವು, ಅಬ್ಬರದ ನೀರು. ಕೇಬಲ್ ಹಾಕಿದರೂ ಉಳಿಯುವುದು ಕಷ್ಟ. ಹಾಗಾಗಿ 1906ರಲ್ಲಿ ಸೊರ್ವೊಗೆನ್‌ನಿಂದ ರೊಸ್ಟ್‌ಗೆ ತಂತಿ ಇಲ್ಲದ ಟೆಲಿಗ್ರಾಫ್ ಹಾಕಿಬಿಟ್ಟರು. ಉತ್ತರ ಯುರೋಪಿನಲ್ಲಿ ಅದೇ ಮೊದಲು. ಮಾರ್ಕೋನಿ ವೈರ್‌ಲೆಸ್ ಸಂದೇಶವನ್ನು ಅಟ್ಲಾಂಟಿಕ್ ದಾಟಿಸಿ ಐದೇ ವರ್ಷ. ದೊಡ್ಡ ದೊಡ್ಡ ನಗರಗಳಿಗೆ ಬರುವ ಮೊದಲು ವೈರ್‌ಲೆಸ್ ಬಂದದ್ದು ಒಣಗಿದ ಮೀನು ವಾಸನೆ ಹೊಡೆಯುವ ಈ ದಡಕ್ಕೆ. ಟೆಲಿಗ್ರಾಫ್ ಸಂದೇಶ ಬಡಿಯುವ ಮೋರ್ಸ್ ಕೀ ಇಟ್ಟಿದ್ದರು. ಯಾರೂ ಇಲ್ಲದಾಗ ನನ್ನ ಹೆಸರು ಬಡಿದೆ. ಬೆರಳು ಮರೆತಿರಲಿಲ್ಲ.

ಮಂಗಳವಾರ, ಬೂಡೊ

ಮೊಸ್ಕೆನೆಸ್‌ನಿಂದ ದೋಣಿಯಲ್ಲಿ ಮೂರು ಗಂಟೆ ಚಿಲ್ಲರೆ. ಹೆಂಡತಿಗೆ ವಾಂತಿ. ಬೂಡೊದಲ್ಲಿ ಮಲಗಿದೆವು.

ಸಂಜೆ ಹೋಟೆಲಿನ ರೇಡಿಯೋ ತಿರುಗಿಸುವಾಗ ನೆನಪಾಯಿತು, ಇಲ್ಲಿ ಎಫ್‌ಎಂ ಇಲ್ಲ. ರಾಷ್ಟ್ರೀಯ ವಾಹಿನಿಗಳ ಎಫ್‌ಎಂ ಪ್ರಸಾರ ನಿಲ್ಲಿಸಿದ ಮೊದಲ ದೇಶ ನಾರ್ವೆ. ಶುರುವಾದದ್ದು ಈ ಬೂಡೊ ಇರುವ ನೂರ್‌ಲಾಂಡ್ ಪ್ರಾಂತ್ಯದಲ್ಲೇ, 2017ರ ಜನವರಿ 11ರಂದು. ಡಿಸೆಂಬರ್ ಹೊತ್ತಿಗೆ ದೇಶವೆಲ್ಲ. ಬೆಟ್ಟದ ದೇಶದಲ್ಲಿ ಒಂದೊಂದು ವಾಹಿನಿಗೂ ಬೇರೆ ಬೇರೆ ಎಫ್‌ಎಂ ಟವರ್ ಸಾಕುವುದಕ್ಕಿಂತ ಒಂದೇ ಡಿಜಿಟಲ್ ಜಾಲ ಅಗ್ಗ ಅನ್ನುವುದು ವಾದ. ಎಂಜಿನಿಯರ್ ಲೆಕ್ಕದಲ್ಲಿ ಸರಿ. ಆದರೆ ಲಕ್ಷಾಂತರ ಕಾರುಗಳ ರೇಡಿಯೋ ಒಂದೇ ವರ್ಷದಲ್ಲಿ ಬಾಯಿ ಮುಚ್ಚಿತು. ಅಡಾಪ್ಟರ್ ಖರ್ಚು ಜನರ ತಲೆಗೆ. ಕೇಳಿ ಮಾಡಿದ್ದರೆ ಜನ ಒಪ್ಪುತ್ತಿರಲಿಲ್ಲ ಅಂತ ಹೋಟೆಲಿನವರೇ ಹೇಳಿದರು. ಚಿಕ್ಕ ಸ್ಥಳೀಯ ಕೇಂದ್ರಗಳು ಮಾತ್ರ ಎಫ್‌ಎಂನಲ್ಲಿ ಉಳಿದುಕೊಂಡವು.

ಬುಧವಾರ, ನೂರ್‌ಲಾಂಡ್ ರೈಲು

ಬೂಡೊದಿಂದ ತ್ರೊಂಡ್‌ಹೈಮ್, 729 ಕಿ.ಮೀ., ಹತ್ತು ಗಂಟೆ. ಡೀಸೆಲ್ ಎಂಜಿನ್. ದೋಣಿಗೂ ಬ್ಯಾಟರಿ ಹಾಕಿದ ದೇಶದಲ್ಲಿ ರೈಲಿಗೆ ಇನ್ನೂ ಹೊಗೆ. ಕೊಟ್ಟ ದುಡ್ಡೆಲ್ಲ ರಸ್ತೆಗೆ, ಸುರಂಗಕ್ಕೆ ಹೋಗಿ ರೈಲು ಮಲಮಗುವಾಗಿದೆ ಅಂತ ಅನಿಸುವುದು ಇಲ್ಲೇ.

ಸಾಲ್ಟ್‌ಫ್ಯೆಲ್ ಬೆಟ್ಟದ ಬಯಲಿನಲ್ಲಿ ಮತ್ತೆ ಆರ್ಕ್‌ಟಿಕ್ ವೃತ್ತ, ಈ ಸಲ ಕಲ್ಲಿನ ಗುರುತು. ಎಲ್ಲರೂ ಫೋಟೋ ತೆಗೆದರು. ಈ ದಾರಿಯ ಕಥೆ ಗೊತ್ತಿದ್ದರೆ ಫೋಟೋ ತೆಗೆಯಲು ಕೈ ಸ್ವಲ್ಪ ತಡೆಯುತ್ತದೆ. ಎರಡನೇ ಮಹಾಯುದ್ಧದಲ್ಲಿ ನಾರ್ವೆಯನ್ನು ಹಿಡಿದಿದ್ದ ಜರ್ಮನರಿಗೆ ಉತ್ತರಕ್ಕೆ ಬೇಗ ರೈಲು ಬೇಕಿತ್ತು. ಸೋವಿಯತ್, ಯುಗೊಸ್ಲಾವ್, ಪೋಲಿಷ್ ಕೈದಿಗಳನ್ನು ಸಾವಿರಗಟ್ಟಲೆ ತಂದು ಇಲ್ಲಿ ದುಡಿಸಿದರು. ಹರಿದ ಬಟ್ಟೆ, ಅರೆಹೊಟ್ಟೆ, ಈ ಚಳಿ. ಎಷ್ಟೋ ಜನ ಇಲ್ಲೇ ಸತ್ತರು. ಆಚೆ ಕಣಿವೆಯಲ್ಲಿ ಅದೇ ಕೈದಿಗಳು ಕಟ್ಟಿದ ರಸ್ತೆಯ ಒಂದು ತುಂಡನ್ನು ಇಂದಿಗೂ ರಕ್ತದ ರಸ್ತೆ ಅಂತಲೇ ಕರೆಯುತ್ತಾರೆ. ಯುದ್ಧ ಮುಗಿದ ಮೇಲೆ ನಾರ್ವೆಯವರು ಕೆಲಸ ಮುಂದುವರಿಸಿದರು. 1958ರಲ್ಲಿ ಫೌಸ್ಕೆ, 1962ರಲ್ಲಿ ಬೂಡೊ. ಅಲ್ಲಿಗೆ ನಿಂತಿತು.

ನಿಂತಿತು ಅಂದರೆ ನಿಜಕ್ಕೂ ನಿಂತಿತು. ನಕ್ಷೆ ನೋಡಿದರೆ ಬೂಡೊದಿಂದ ಮೇಲೆ ದೇಶ ಇನ್ನೂ ಎಷ್ಟೋ ಉದ್ದ ಇದೆ. ನಾರ್ವಿಕ್‌ನಲ್ಲಿ ಒಂದು ಹಳಿ ಇದೆ, ಆದರೆ ಅದು ಸ್ವೀಡನ್‌ಗೆ ಹೋಗುತ್ತದೆ, ಕಿರುನಾದ ಕಬ್ಬಿಣದ ಅದಿರು ತರಲು. ನಾರ್ವೆಯ ಬೇರೆ ಹಳಿಗೆ ಅದಕ್ಕೆ ಸಂಬಂಧವೇ ಇಲ್ಲ. ನಮ್ಮ ಎದುರು ಕೂತಿದ್ದ ಅಜ್ಜ ಟ್ರೊಮ್ಸೊದವರು. ಅಲ್ಲಿಂದ ಬಸ್ಸಿನಲ್ಲಿ ನಾರ್ವಿಕ್, ಇನ್ನೊಂದು ಬಸ್ಸಿನಲ್ಲಿ ಫೌಸ್ಕೆ, ಅಲ್ಲಿ ಈ ರೈಲು. ವಿಮಾನ ಹತ್ತಿದರೆ ಎರಡು ಗಂಟೆ, ಆದರೆ ಅವರಿಗೆ ವಿಮಾನ ಆಗಿಬರುವುದಿಲ್ಲ. ಟ್ರೊಮ್ಸೊವರೆಗೆ ರೈಲು ಹಾಕುವ ಮಾತು ನೂರು ವರ್ಷಕ್ಕೂ ಹಳೆಯದಂತೆ. ಪ್ರತಿ ಸಲ ವರದಿ ಬರುತ್ತದೆ, ಖರ್ಚು ಇಷ್ಟು ಲಾಭ ಅಷ್ಟು ಅಂತ, ಮುಚ್ಚಿಡುತ್ತಾರೆ.

ಕೊನೇ ಮನೆಯ ನನ್ನ ಮಾತನ್ನು ಅವರಿಗೆ ಹೇಳಿದೆ. ರಸ್ತೆಗೆ ಇಲ್ಲದ ಲೆಕ್ಕ ರೈಲಿಗೆ ಯಾಕೆ ಅಂತ ಕೇಳಿದೆ. ಅವರು ಕಾಫಿ ಕೆಳಗಿಟ್ಟು, ಟ್ರೊಮ್ಸೊದಲ್ಲಿ ರೈಲ್ವೆ ನಿಲ್ದಾಣ ಇದೆಯಲ್ಲ, ನೋಡಿಲ್ವಾ ಅಂದರು. ಸಿಗ್ನಲ್ ದೀಪ, ಹಳೇ ಬೋರ್ಡು, ಎಲ್ಲ ಇದೆಯಂತೆ. ಫೋನಿನಲ್ಲಿ ಹುಡುಕಿದೆ. ನಿಜ, ಇದೆ. ಅದು ಒಂದು ಪಬ್. ಹೆಸರು ಟ್ರೊಮ್ಸೊ ರೈಲ್ವೆ ನಿಲ್ದಾಣ.